ಇಲ್ಲದ ಊರಿನ ಮೇಲೆ ಹೊಟ್ಟೆಕಿಚ್ಚು

ನಡುರಾತ್ರಿ ಪಕ್ಕದ ಕೋಣೆಯಿಂದ ಸಣ್ಣ ನಗು ಕೇಳಿಸಿತು. ಗಂಡನದೇ. ಅವಳು ಉಸಿರು ಬಿಗಿಹಿಡಿದಳು.

"ಸೊಲ್‌ಮೀರಾ," ಅವನು ಪಿಸುಗುಟ್ಟುತ್ತಿದ್ದ. "ಎಷ್ಟು ಸತಾಯಿಸ್ತೀಯೇ ನೀನು!"

ಮದುವೆಯಾದಾಗಿನಿಂದ ತನ್ನನ್ನು ಒಮ್ಮೆಯೂ ಆ ದನಿಯಲ್ಲಿ ಕರೆದವನಲ್ಲ. ಅವಳು ದಿಂಬಿಗೆ ಮುಖ ಒತ್ತಿಕೊಂಡಳು.

ಬೆಳಗಾಗುವಷ್ಟರಲ್ಲಿ ಬಾಗಿಲ ಬಳಿ ಬ್ಯಾಗು ನಿಂತಿತ್ತು.

"ಎಲ್ಲಿಗೆ ಸವಾರಿ?" ಅವನು ಕಾಫಿ ಲೋಟ ಹಿಡಿದು ಬಂದ.

"ಅಕ್ಕನ ಮನೆಗೆ. ಯಾಕೆ ಅಂತ ಆ ಸೊಲ್‌ಮೀರಾನ ಕೇಳು."

ಅವನು ಪಿಳಿಪಿಳಿ ಕಣ್ಣು ಬಿಟ್ಟ. ಆಮೇಲೆ ನಕ್ಕ ರಭಸಕ್ಕೆ ಅರ್ಧ ಕಾಫಿ ಚೆಲ್ಲಿತು. "ಅವಳಲ್ಲ ಕಣೇ, ಅದು! ನಾನು ಅನುವಾದ ಮಾಡ್ತಿರೋ ಕಾದಂಬರೀಲಿ ಬರೋ ಊರು. ಯಾವ ಮ್ಯಾಪಲ್ಲೂ ಇಲ್ಲ."

ಅವಳಿಗೆ ನಾಚಿಕೆಯಾಗಬೇಕಿತ್ತು. ಆದದ್ದು ಇನ್ನಷ್ಟು ಉರಿ. ಹೆಂಗಸಾಗಿದ್ದರೆ ಎದುರು ನಿಂತು ಜಗಳವಾದರೂ ಆಡಬಹುದಿತ್ತು. ಇಲ್ಲದ ಊರಿನ ಜುಟ್ಟು ಹಿಡಿಯುವುದು ಹೇಗೆ?

ಅವನಿಗೋ ಹುರುಪು. "ಅಲ್ಲಿಗೆ ಹೋದೋರಿಗೆ ಮಾತೇ ಹೊರಡಲ್ಲ, ಅಷ್ಟು ಚೆಂದದ ಊರು. ಈ ಹೆಸರಿನ ಬೇರು ಎಲ್ಲಿದೆ ಅಂತ ಹುಡುಕ್ತಿದ್ದೀನಿ. ಲ್ಯಾಟಿನ್‌ನಲ್ಲಿ ಸೊಲ್ ಅಂದ್ರೆ ಸೂರ್ಯ. ಸ್ಪ್ಯಾನಿಶ್‌ನಲ್ಲಿ ಮೀರಾ ಅಂದ್ರೆ ನೋಡು. ರಷ್ಯನ್‌ನಲ್ಲಿ ಸೊಲ್ ಮೀರಾ, ಲೋಕದ ಉಪ್ಪು! ಯಾವುದೂ ಸರಿಯಾಗಿ ಕೂರ್ತಿಲ್ಲ."

"ಲೋಕದ ಉಪ್ಪು ಗೊತ್ತು. ಮನೇಲಿ ಉಪ್ಪು ಮುಗಿದಿದ್ದು ಗೊತ್ತಿಲ್ಲ."

ಅವಳು ಅಚ್ಚಿನ ಕರಡು ತಿದ್ದುವವಳು. ಪದ ತಪ್ಪು ಜಾಗದಲ್ಲಿ ಮುರಿದರೂ ಮೈ ಉರಿಯುತ್ತದೆ. ಸಿಟ್ಟಿನಲ್ಲೇ ಅಂದಳು: "ಅಷ್ಟು ದೂರ ಯಾಕೆ ಹೋಗ್ಬೇಕು? ಸೊಲ್ಲು, ಮೀರು. ಸೊಲ್ಲು ಮೀರಿದ ಊರು. ಮಾತಿಗೆ ಸಿಗದ್ದು."

ಅವನು ಲೋಟ ಕೆಳಗಿಟ್ಟ. "ಆ ಲೇಖಕನಿಗೆ ಕನ್ನಡ ಬರಲ್ವಲ್ಲೇ."

"ಓದೋರಿಗೆ ಬರುತ್ತಲ್ಲ!"

ಅವನು ಅವಳ ಮುಖವನ್ನೇ ನೋಡಿದ, ಊದಿದ ರೆಪ್ಪೆ, ಕೆಂಪಾದ ಮೂಗಿನ ತುದಿ, ಬಿಗಿದ ತುಟಿ, ಒಂದನ್ನೂ ಬಿಡದೆ. "ಅತ್ತಿದ್ದೀಯಾ?"

"ಈರುಳ್ಳಿ ಹೆಚ್ಚಿದೆ."

"ಬ್ಯಾಗೊಳಗಾ?"

ನಗಬಾರದೆಂದುಕೊಂಡಿದ್ದಳು. ತುಟಿ ಕೇಳಲಿಲ್ಲ.

"ಯುರೋಪೆಲ್ಲ ಸುತ್ತಿದೆ," ಅವನ ದನಿ ತಗ್ಗಿತು. "ಪಕ್ಕದ ಕೋಣೆಗೆ ಬರೋದೇ ಮರೆತೆ. ಹೋಗ್ಬೇಡ. ನೀನಿಲ್ದಿದ್ರೆ ನನಗೆ ಯಾವ ಊರೂ ಬೇಡ."

ಅವಳು ಎರಡು ಹೆಜ್ಜೆ ಹತ್ತಿರ ಬಂದಳು. ಉಳಿದ ದೂರವನ್ನು ಅವನು ನಡೆದ.

"ಮುನ್ನುಡೀಲಿ ಬರೀತೀನಿ," ಅವಳ ಕೂದಲೊಳಗೆ ಅವನ ಮಾತು ಬೆಚ್ಚಗಿತ್ತು. "ಈ ಅರ್ಥ ಹೆಂಡತಿಯ ಹೊಟ್ಟೆಕಿಚ್ಚಿನ ಕೊಡುಗೆ ಅಂತ."

"ಬರೆದು ನೋಡು. ಕರಡು ತಿದ್ದೋಳು ನಾನೇ!"

ಊರೊಂದನ್ನು ಸವತಿ ಎಂದುಕೊಂಡು ಗಂಡನನ್ನು ಬಿಟ್ಟು ಹೊರಟಿದ್ದೆನೆಂದು ಯಾರಿಗೂ, ಅಕ್ಕನಿಗೂ ಹೇಳಬಾರದು. ಅವನ ಭುಜಕ್ಕೆ ಒರಗಿ ಅಷ್ಟನ್ನು ಗಟ್ಟಿ ಮಾಡಿಕೊಂಡಳು.