ಗುಲಾಬಿ ಲೇಬಲ್ಲಿನ ‘ಅವಳು’

೨೦೨೫ರ ಮಾರ್ಚ್ ೧೧, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಮೀಟಿಂಗ್ ಕೋಣೆಯ ಮೇಜಿನ ಮೇಲೆ ಅವನು ತಂದಿಟ್ಟ ಬಾಟಲಿಯನ್ನು ನೋಡಿ ಅವಳ ಕಿವಿ ಬಿಸಿಯಾಯಿತು.

ಗುಲಾಬಿ ಬಣ್ಣದ ಲೇಬಲ್. ಅದರ ಮೇಲೆ ಬಳುಕುವ ಅಕ್ಷರಗಳಲ್ಲಿ, ‘ಅವಳಿಗಾಗಿ’.

ಬಿಯರ್ ಕಾರ್ಖಾನೆ ಅವಳ ದೊಡ್ಡಪ್ಪನದು. ಬಿಯರ್ ತಯಾರಿಸುವುದು ಅವಳ ಕೆಲಸ. ಅವಳು ವರ್ಷಗಟ್ಟಲೆ ತಿದ್ದಿ ತೀಡಿದ ಕಹಿ ಬಿಯರನ್ನು ನಿಲ್ಲಿಸಿ, ಅದೇ ಟ್ಯಾಂಕಿಗೆ ಹೆಂಗಸರಿಗೆಂದು ಸಿಹಿ ಬಿಯರ್ ತುಂಬಿಸಲು ದೊಡ್ಡಪ್ಪ ಹೊರಟಿದ್ದರು. ಆ ಸಲಹೆ ಕೊಟ್ಟವನು ಜಾಹೀರಾತು ಕಂಪನಿಯಿಂದ ಬಂದ ಇವನೇ. ಕೆಲಸಗಾರರ ಬಾಯಲ್ಲಿ ಅವನು ‘ಲೇಬಲ್ ಸಾಹೇಬ’. ಅವಳು, ಬೆನ್ನ ಹಿಂದೆ, ‘ಕಹಿ ಮೇಡಂ’.

ಚಳಿಗಾಲವಿಡೀ ರುಚಿ ನೋಡುವ ಕೋಣೆಯಲ್ಲಿ ಎದುರಿಗೆ ಕೂತು ತನ್ನ ಮಾತು ಕೇಳಿದವನು ಇವನೇನಾ? ಇವನು ಬರುವ ಹೊತ್ತಿಗೆ ತಾನು ಬಾಗಿಲ ಕಡೆ ನೋಡುತ್ತಿದ್ದುದು...

“ಹೆಂಗಸರಿಗೆ ಕಹಿ ಸೇರಲ್ಲ ಅಂತ ನಿಮಗೆ ಯಾರು ಹೇಳಿದ್ದು?”

“ಯಾರೂ ಹೇಳಿಲ್ಲ. ಕಣ್ಣಾರೆ ನೋಡಿದೀನಿ.”

“ಎಲ್ಲಿ?”

ಅವನು ತಲೆ ತಗ್ಗಿಸಿದ.

“ಬಿಡಮ್ಮ,” ದೊಡ್ಡಪ್ಪ ನಕ್ಕರು. “ನಿನ್ನ ಬಿಯರ್ ಕುಡಿದ್ರೆ ಗಂಡಸರ ಮುಖಾನೇ ಹರಳೆಣ್ಣೆ ಕುಡಿದ ಹಾಗಾಗತ್ತೆ.”

ನಾಳೆಯೇ ಟ್ಯಾಂಕ್ ಖಾಲಿ ಮಾಡಬೇಕೆಂದು ಹೇಳಿ ಎದ್ದರು.

ಅವಳು ನೇರ ತಂಪುಕೋಣೆಗೆ ಹೋಗಿ ತನ್ನ ಟ್ಯಾಂಕಿನ ಮುಂದೆ ನಿಂತಳು. ಉಕ್ಕಿನ ಮೈಮೇಲೆ ನೀರ ಹನಿ ಕಟ್ಟಿತ್ತು. ಹಿಂದೆಯೇ ಅವನು ಬಂದ, ಕೋಟೂ ಹಾಕಿಕೊಳ್ಳದೆ.

“ಎಲ್ಲಿ ಅಂತ ಕೇಳಿದ್ರಲ್ಲ... ಇಲ್ಲೇ, ರುಚಿ ನೋಡೋ ಕೋಣೇಲಿ. ನೀವು ಪ್ರತಿ ಗ್ಲಾಸನ್ನೂ ಅರ್ಧಕ್ಕೇ ಬಿಡ್ತೀರಿ. ನಿಮಗೇ ಸೇರಲ್ಲ, ಹಟಕ್ಕೆ ಬಿದ್ದು ಮಾಡ್ತಿದೀರಿ ಅಂದ್ಕೊಂಡೆ. ನಿಮಗೆ ಇಷ್ಟ ಆಗೋಂಥದ್ದೂ ಒಂದು ಇರಲಿ ಅಂತ...” ಅವನ ದನಿ ಇಳಿಯಿತು. “ಅವಳಿಗಾಗಿ ಅಂತ ಬರೆದಾಗ ತಲೇಲಿ ಎಲ್ಲ ಹೆಂಗಸರೂ ಇರ್ಲಿಲ್ಲ. ಒಬ್ರೇ ಇದ್ರು.”

ಅವಳಿಗೆ ನಗು ಬಂತು. ನಗುವಿನ ಹಿಂದೆಯೇ ಅಳು.

“ನೊರೆ ನೋಡೋಕೆ ಬಿಡ್ತೀನಿ ರೀ. ಅದು ಇಳೀತಾ ಗ್ಲಾಸಿಗೆ ಬಳೆ ಬಳೆಯಾಗಿ ಅಂಟಿಕೊಂಡ್ರೆ ಬಿಯರ್ ಸರಿಯಾಗಿದೆ ಅಂತ. ಪೂರ್ತಿ ಕುಡಿದುಬಿಟ್ರೆ ಏನು ನೋಡಲಿ?”

ಅವನು ಹಣೆ ಚಚ್ಚಿಕೊಂಡ.

“ನನ್ನನ್ನೇ ಕೇಳಬಹುದಿತ್ತು.”

“ಧೈರ್ಯ ಬರ್ಲಿಲ್ಲ.”

“ಒಬ್ಬಳನ್ನ ಕೇಳೋಕೆ ಧೈರ್ಯ ಇಲ್ಲದೋರು, ಊರಿನ ಹೆಂಗಸರ ನಾಲಿಗೆಗೆಲ್ಲ ತೀರ್ಪು ಕೊಟ್ಟುಬಿಟ್ರಿ.”

ಅವನು ತಿರುಗಿ ಮಹಡಿಯ ಮೆಟ್ಟಿಲ ಕಡೆ ಹೊರಟುಹೋದ. ಇಷ್ಟು ಖಾರವಾಗಿ ಅನ್ನಬಾರದಿತ್ತೇನೋ ಎಂದು ಅವಳು ತುಟಿ ಕಚ್ಚಿಕೊಂಡಳು. ಆದರೆ ಅಂದದ್ದು ಸುಳ್ಳಲ್ಲವಲ್ಲ...

ಮಹಡಿಯ ಕೋಣೆಯಿಂದ ದೊಡ್ಡಪ್ಪನ ಕೂಗಾಟ ಕೆಳಗಿನವರೆಗೂ ಕೇಳಿಸಿತು. ಆಮೇಲೆ ಅವನು ಮತ್ತೆ ತಂಪುಕೋಣೆಗೆ ಬಂದ, ಮುಖ ಬಿಳಿಚಿಕೊಂಡು. ತಾನು ನೋಡಿದ್ದು ತಪ್ಪು, ಆ ಸಲಹೆಗೆ ಬುಡವೇ ಇಲ್ಲವೆಂದು ಒಪ್ಪಿಕೊಂಡಿದ್ದನಂತೆ. ಇನ್ನು ಕಾರ್ಖಾನೆಯ ಕಡೆ ತಲೆ ಹಾಕಬೇಡ ಎಂದಿದ್ದರಂತೆ ದೊಡ್ಡಪ್ಪ.

“ಟ್ಯಾಂಕು?”

“ಉಳೀತು. ಈ ಬೇಸಿಗೆ ಮಟ್ಟಿಗೆ. ಅಷ್ಟರಲ್ಲಿ ಮಾರಾಟ ಆಗದಿದ್ರೆ ನಿಲ್ಲಿಸ್ತಾರಂತೆ.”

ಅರ್ಧ ಗೆಲುವು. ಅದಕ್ಕೆ ಅವನು ತೆತ್ತದ್ದು ಪೂರ್ತಿ.

“ಹಾಗಾದ್ರೆ ಇನ್ನು ಬರಲ್ವಾ?”

“ಕೆಲಸದ ಮೇಲೆ ಬರೋ ಹಾಗಿಲ್ಲ. ಗೇಟಿನ ಹೊರಗೆ ನಿಂತಿರ್ತೀನಿ. ನೀವು ಬಂದಾಗ ಕೇಳ್ತೀನಿ.”

“ಏನಂತ?”

“ನಿಮಗೇನು ಇಷ್ಟ ಅಂತ.”

“ಈಗಲೇ ಕೇಳಿ.”

ಅವನು ಕೇಳಿದ. ಹಲ್ಲು ಕಟಕಟ ಅನ್ನುತ್ತಿತ್ತು, ಮಾತು ಅರ್ಧಂಬರ್ಧ ಹೊರಬಿತ್ತು. ಅವಳು ಹತ್ತಿರ ಬಂದಳು. ಅವನ ಎರಡೂ ಕೈಗಳನ್ನು ತನ್ನ ಅಂಗೈಗಳ ನಡುವೆ ತೆಗೆದುಕೊಂಡಳು.

“ನಡುಗ್ತಿದೀರಿ.”

“ಚಳಿಗೆ.”

“ಸುಳ್ಳು.”

ಇಬ್ಬರೂ ಹೊರಗೆ ಹೋಗಲಿಲ್ಲ. ಬಾಗಿಲ ಪಕ್ಕದ ಉಷ್ಣಮಾಪಕ ಎರಡು ಡಿಗ್ರಿ ತೋರಿಸುತ್ತಿತ್ತು.