ಒಂದೇ ಮೇಜಿನ ಮೇಲೆ

"ಕೈ ತಗೀರಿ!"

ಅನುಜಾ ಬೆಚ್ಚಿಬಿದ್ದು ಮೇಜಿನಿಂದ ಕೈ ತೆಗೆದಳು. ರಾಮತೀರ್ಥ ನಗರದ ತನ್ನದೇ ಮನೆಯಲ್ಲಿ, ರಿಪೇರಿಗೆ ಬಂದವನು ತನಗೇ ಗದರುವುದೇ?

ಪ್ರಸಾದ, ರೆಕಾರ್ಡ್ ಪ್ಲೇಯರಿನಲ್ಲಿ ತಿರುಗದೆ ನಿಂತಿದ್ದ ರೆಕಾರ್ಡಿನ ಮೇಲೆ ಮುಳ್ಳು ಇಟ್ಟು, ಬೆರಳಿನಿಂದ ಮೇಜು ಕುಟ್ಟಿದ. ಪಕ್ಕದಲ್ಲಿದ್ದ ಸಬ್‌ವೂಫರ್, ಮಂದ್ರದ ಸದ್ದಿನ ದೊಡ್ಡ ಸ್ಪೀಕರು, ಧಿಮ್ ಎಂದಿತು. ವಾಲ್ಯೂಮ್ ಏರಿಸಿದ್ದೇ ತಡ, ಗುಂಯ್... ಎಂದು ಕಿಟಕಿಯ ಗಾಜೂ ನಡುಗಿತು.

"ಎರಡೂ ಒಂದ ಮೇಜಿನ ಮ್ಯಾಲ ಇಟ್ಟೀರಿ. ಸಬ್‌ವೂಫರ್ ಮೇಜು ನಡಗಸತೈತಿ, ಆ ನಡುಕ ಮುಳ್ಳು ಹಿಡೀತೈತಿ, ತಿರುಗಿ ಅದಕ್ಕ ಕಳಸತೈತಿ. ಬ್ಯಾರೆ ಬ್ಯಾರೆ ಇಟ್ರ ಮುಗೀತು."

ಸಬ್‌ವೂಫರನ್ನು ಎದುರು ಮೂಲೆಗೆ, ನೆಲಕ್ಕೆ ಇಳಿಸಿದ. ಗುಂಯ್‌ಗುಡುವ ಸದ್ದು ಮಾಯ! ಹೊರಡುವಾಗ ಒಮ್ಮೆ ನಕ್ಕ. ಅನುಜಾಳ ನಿದ್ದೆ ಕೆಡಲು ಅಷ್ಟೇ ಸಾಕಾಯಿತು.

ಮುಂದಿನ ವಾರ ಅವಳೇ ಏದುಸಿರು ಬಿಡುತ್ತ ಸಬ್‌ವೂಫರನ್ನು ಮತ್ತೆ ಮೇಜಿಗೆ ಏರಿಸಿದಳು. 'ಒಂದೇ ಒಂದು ಸಲ ಬರಲಿ...'

ಬಂದ. ಮೇಜು ನೋಡಿದ, ಅವಳನ್ನು ನೋಡಿದ, ಸಬ್‌ವೂಫರನ್ನು ಇಳಿಸಿಟ್ಟ, ಚಹಾ ಕುಡಿದು ಹೋದ. ಇದೇ ರೂಢಿಯಾಯಿತು. ಅಣ್ಣ ಆದಿನಾಥನಿಗೆ ಹಾಡು ಕೇಳಿದರೆ ಸಾಕು, ಯಾವ ಡಬ್ಬಿ ಎಲ್ಲಿದೆ ಎಂಬ ಗೊಡವೆಯೇ ಇರಲಿಲ್ಲ. ಆದರೆ ಅವನ ಸಹನೆಗೂ ಮಿತಿಯಿತ್ತು.

"ಲೇ ಕಳ್ಳಾ! ನೀನ ಕೆಡಿಸಿ ಹೋಗ್ತಿ, ಮತ್ತ ನೀನ ಬರ್ತಿ!"

ಕಪಾಳಕ್ಕೆ ಬಿದ್ದ ಏಟಿನ ಸದ್ದು ಅಡುಗೆಮನೆಗೂ ಕೇಳಿತು. ಚಹಾ ಹಿಡಿದು ಬಾಗಿಲಲ್ಲಿ ನಿಂತ ಅನುಜಾಳನ್ನು ಪ್ರಸಾದ ನೋಡಿದ.

'ಹೇಳು ಅನುಜಾ... ಹೇಳು!' ಎಂದಿತು ಅವಳ ಒಳಮನಸ್ಸು.

ಆದರೆ ತಮ್ಮದು ಜೈನ ಮನೆ, ಅವನು ಜೈನನಲ್ಲ. ಬಾಯಿ ಬಿಟ್ಟರೆ ಮನೆಯೇ ಬಿಡಬೇಕಾದೀತು. ಅವಳು ತಲೆ ತಗ್ಗಿಸಿದಳು. ಹೇಡಿ! ಬೇರೆ ಹೆಸರಿಲ್ಲ ಅದಕ್ಕೆ.

"ತಪ್ಪ ನಂದರೀ," ಎಂದು ಪ್ರಸಾದ ಹೊರಟುಹೋದ.

ಆದಿನಾಥ ಅಷ್ಟಕ್ಕೇ ಬಿಡಲಿಲ್ಲ. ರವಿವಾರ ಪೇಟೆಯ ವ್ಯಾಪಾರಿಗಳ ವಾಟ್ಸಾಪ್ ಗುಂಪಿನಲ್ಲಿ ಪ್ರಸಾದನ ಫೋಟೋ ಹಾಕಿ, 'ಈ ಕಳ್ಳನಿಗೆ ಯಾರೂ ಕೆಲಸ ಕೊಡಬೇಡಿ' ಎಂದು ಬರೆದ. ಪ್ರಸಾದ ಆ ಪೇಟೆಯಲ್ಲಿದ್ದ ತನ್ನ ರಿಪೇರಿ ಅಂಗಡಿ ಮುಚ್ಚಿ, ತನ್ನೂರು ಖಾನಾಪುರಕ್ಕೆ ಮರಳಿದ.

ಜೈನರ ಪರ್ಯುಷಣ ಪರ್ವ ಮುಗಿದು ಕ್ಷಮಾವಾಣಿಯ ದಿನ ಬಂತು. ತಪ್ಪಿಗೆ ಎಲ್ಲರ ಕ್ಷಮೆ ಕೇಳುವ ದಿನ. ಆದಿನಾಥ ಫೋನಿನಲ್ಲಿದ್ದ ಅಷ್ಟೂ ನಂಬರಿಗೆ 'ಉತ್ತಮ ಕ್ಷಮಾ' ಕಳಿಸಿ, ಹಾಯಾಗಿ ಕುಳಿತ.

ಅನುಜಾ ಬಸ್ಸು ಹತ್ತಿದಳು.

ಖಾನಾಪುರದ ಮದುವೆ ಹಾಲಿನಲ್ಲಿ ಪ್ರಸಾದ ಸ್ಪೀಕರಿನ ವೈರು ಸುತ್ತುತ್ತಿದ್ದ. ಸುತ್ತ ಕೆಲಸದವರು.

"ಕ್ಷಮಾ ಮಾಡ್ರಿ..."

"ನಿಮ್ಮ ಅಣ್ಣಾರದೂ ಬಂದೈತಿ," ಎಂದು ಅವನು ಫೋನು ತೋರಿಸಿದ. "ಅವರು ಬರೇ ಹೊಡದ್ರು. ನೀವು ನಿಂತ ನೋಡಿದ್ರಿ."

"ನಿಮಗ... ಮೊದಲ ಗೊತ್ತಿತ್ತೇನ್ರಿ?"

"ಸಬ್‌ವೂಫರ್ ತಾನ ಮೇಜು ಹತ್ತತೈತೇನ್ರಿ? ನೀವ ಹೇಳ್ತೀರಂತ ಕಾದೆ."

ಅಲ್ಲೇ, ಎಲ್ಲರೆದುರು, ಅನುಜಾ ತನ್ನ ಫೋನಿನ ಸ್ಪೀಕರ್ ಹಾಕಿ ಅಣ್ಣನಿಗೆ ಕರೆ ಮಾಡಿದಳು.

"ಅಣ್ಣಾ, ಇವರು ಏನೂ ಕೆಡಿಸಿಲ್ಲ. ಸಬ್‌ವೂಫರ್ ಮೇಜಿನ ಮ್ಯಾಲ ಇಡ್ತಿದ್ದಾಕಿ ನಾನ. ಇವರು ಬರಲಿ ಅಂತ... ಇವರ ಮ್ಯಾಲ ನನಗ ಪ್ರೀತಿ ಐತಿ."

"ಮನಿಗೆ ಬರಬ್ಯಾಡ. ನಮ್ಮ ಪಾಲಿಗೆ ನೀ ಸತ್ತಿ."

ಫೋನು ಕಟ್ಟಾಯಿತು. ಕೆಲಸದವರು ಮುಖ ತಿರುಗಿಸಿದರು.

"ಈಗರ... ಕ್ಷಮಾ ಮಾಡಿದ್ರೇನ್ರಿ?"

"ಇಲ್ಲ."

ಅವಳ ಕಣ್ಣು ತುಂಬಿ ಬಂತು. ಪ್ರಸಾದ ಬಾಗಿಲಾಚೆ ಇಳಿಯುತ್ತಿದ್ದ ಬಿಸಿಲು ನೋಡಿ, ಕುರ್ಚಿ ಎಳೆದ.

"ಕುಂದರ್ರಿ. ಹೊತ್ತ ಮುಳುಗಿದ ಮ್ಯಾಲ ನೀವು ಜೈನರು ಉಣ್ಣೂದಿಲ್ಲ. ಮೊದಲ ಉಣ್ರಿ... ಕ್ಷಮಾದ್ದು ನಿಧಾನಕ್ಕ ನೋಡೂಣು."

"ಅಲ್ಲೀತನಕಾ?"

"ಅಲ್ಲೀತನಕಾ ಇಲ್ಲೇ ಇರ್ರಿ."