ಬಿ.ದುರ್ಗಕ್ಕೆ ಬಂದ ಸಮುದ್ರ

ಬಿ.ದುರ್ಗದ ಪಾರ್ವತಮ್ಮನವರ ಮನೆ ವಿಮೆಯ ಕಂತು ಒಂದೇ ವರ್ಷದಲ್ಲಿ ನಾಲ್ಕು ಸಾವಿರದಿಂದ ಹತ್ತೊಂಬತ್ತು ಸಾವಿರಕ್ಕೆ ಹಾರಿತ್ತು. ಕಂಪನಿಯ ಪತ್ರದಲ್ಲಿ ಕಾರಣವೂ ಇತ್ತು— 'ಕಡಲತೀರದ ಮನೆ. ಚಂಡಮಾರುತದ ಅಪಾಯ.'

ಬಯಲುಸೀಮೆಯ ನಮ್ಮ ಹೊಳಲ್ಕೆರೆ ತಾಲ್ಲೂಕಿಗೆ ಕಡಲನ್ನು ತಂದವರು ಯಾರು? ಅಂದೇ ಸಂಜೆ ಐದರೊಳಗೆ ಕಂತು ಕಟ್ಟದಿದ್ದರೆ ವಿಮೆ ರದ್ದು. ಅಷ್ಟು ದುಡ್ಡು ಪಾರ್ವತಮ್ಮನವರ ಹತ್ತಿರ ಇರಲಿಲ್ಲ. ಹೋದ ವರ್ಷ ಗಾಳಿಗೆ ಚಾವಣಿಯ ಶೀಟು ಹಾರಿಹೋದಾಗ ಕೈಹಿಡಿದದ್ದೇ ಆ ವಿಮೆ.

ಕರೆ ಬಂದದ್ದು ನಿವೃತ್ತ ಹೆಡ್ ಕಾನ್‌ಸ್ಟೇಬಲ್ ಚಂದ್ರಕ್ಕನಿಗೆ. ಅವರನ್ನು ಸ್ಕೂಟರಿನಲ್ಲಿ ಕರೆತಂದವನು ನಾನು. ಪೆಟ್ರೋಲೂ ನನ್ನದೇ, ಅದನ್ನು ಯಾರೂ ಕೇಳುವುದಿಲ್ಲ. ಮನೆಯ ಮಗ್ಗುಲಲ್ಲೇ ಪಕ್ಕದವರ ತಿಪ್ಪೆ. ಮೂಗು ಮುಚ್ಚಿಕೊಂಡು ಒಳಗೆ ಹೋದೆವು.

ಏಜೆಂಟ್ ನಾಗಭೂಷಣ ಬೆವರು ಒರೆಸಿಕೊಳ್ಳುತ್ತಿದ್ದ. ಕಳ್ಳ ಇವನೇ ಎಂದು ನಾನು ತೀರ್ಮಾನಿಸಿಬಿಟ್ಟೆ.

"ಕಂತು ಹೆಚ್ಚಾದ್ರೆ ನಿನ್ ಕಮಿಷನ್ನೂ ಹೆಚ್ಚಲ್ಲೇನಪ್ಪ?"— ಚಂದ್ರಕ್ಕ ಕೇಳಿದರು.

"ಅಕ್ಕ, ಊರು ಸರಿ ಐತೆ, ಪಿನ್‌ಕೋಡ್ ಸರಿ ಐತೆ. ನೀವೇ ನೋಡ್ರಿ."

ನೋಡಿದರು. ಅರ್ಜಿಯಲ್ಲಿ ಒಂದಕ್ಷರ ತಪ್ಪಿರಲಿಲ್ಲ. ನನಗೆ ನಿರಾಸೆಯಾಯಿತು.

ಈ ವರ್ಷದ ಅರ್ಜಿಯನ್ನು ಮೊಬೈಲಿನಿಂದ ಕಳಿಸಿದವನು ಪಾರ್ವತಮ್ಮನ ಮಗ ಕೊಟ್ರೇಶ್.

"ಅರ್ಜಿ ಜೊತೆ ಇನ್ನೇನು ಕಳಿಸ್ದೆ?"

"ಮನೆ ಫೋಟೊ ಕೇಳಿದ್ರು. ಇದ್ದದ್ರಾಗೆ ಚೆನ್ನಾಗಿರೋದು ಕಳಿಸ್ದೆ."

"ತೋರ್ಸು."

ಚಂದ್ರಕ್ಕ ಫೋಟೊ ನೋಡಿದರು. ಕಿಟಕಿ ತೆರೆದು ಹೊರಗೆ ನೋಡಿದರು. ತಟ್ಟನೆ ಮುಚ್ಚಿ ಮತ್ತೆ ಫೋಟೊ ನೋಡಿದರು.

"ಪಾರ್ವತಮ್ಮ, ಕುಂತ್ಕಳ್ರಿ. ತಿಪ್ಪೆ ಎಲ್ಲಿ?"

ಫೋನನ್ನು ಎಲ್ಲರ ಮುಂದೆ ಹಿಡಿದರು.

"ಎಲ್ರೂ ಅರ್ಜಿ ಓದಿದ್ರಿ, ಫೋಟೊ ಯಾರೂ ನೋಡ್ಲಿಲ್ಲ. ತಿಪ್ಪೆ ಇರೋ ಜಾಗದಾಗೆ ಸಮುದ್ರ ಐತೆ. ದೋಣಿನೂ ಐತೆ. ಕಂಪನಿಯಾಗೆ ಫೋಟೊ ನೋಡೋದು ಕಂಪ್ಯೂಟರು. ಸ್ಟುಡಿಯೋದೋರ ಕೈಚಳಕ ಅದಕ್ಕೇನು ಗೊತ್ತು? ಇದನ್ನ ಹಾಕ್ಸಿದ್ದು ಯಾರು? ನೀವೇ ಅಲ್ಲೇನ್ರಿ?"

ಪಾರ್ವತಮ್ಮ ಸೆರಗಿನ ತುದಿ ಸುತ್ತತೊಡಗಿದರು.

"ನಾನೇ ಚಂದ್ರಕ್ಕ. ಭರಮಸಾಗರದ ಗಂಡಿನೋರು ನಮ್ ಮಗಳು ಚೈತ್ರನ್ನ ಒಪ್ಪೋಕೆ ಮುಂಚೆ ಮನೆ ಫೋಟೊ ಕೇಳಿದ್ರು. ತಿಪ್ಪೆ ಕಾಣದಂಗೆ ಮಾಡಪ್ಪ ಅಂತ ಸ್ಟುಡಿಯೋ ರಂಗೇಶಂಗೆ ಹೇಳಿದ್ದೆ. ಅವ್ನು ಸಮುದ್ರಾನೇ ತಂದಿಟ್ಟ."

ಕೊಟ್ರೇಶ್ ಹೊರಗೆ ಓಡಿ, ತಿಪ್ಪೆ ಸಮೇತ ಹೊಸ ಫೋಟೊ ತೆಗೆದು ಕಳಿಸಿದ. ನಾಲ್ಕೂ ಮುಕ್ಕಾಲಿಗೆ ಉತ್ತರ ಬಂತು— ನಾಲ್ಕು ಸಾವಿರದ ಇನ್ನೂರು. ಕಟ್ಟಿದ್ದೂ ಆಯಿತು. ಪಾರ್ವತಮ್ಮನ ಮುಖದಲ್ಲಿ ಮಾತ್ರ ಕಳೆ ಬರಲಿಲ್ಲ.

"ಬೀಗರಿಗೆ ತಿಪ್ಪೆ ವಿಷಯ ಗೊತ್ತಾದ್ರೆ ಮದ್ವೆ ನಿಂತು ಹೋಗುತ್ತಲ್ರಿ."

ಚಹಾ ತಂದ ಚೈತ್ರಾ ತಟ್ಟೆ ಕೆಳಗಿಟ್ಟಳು. "ಗೊತ್ತೇ ಐತಮ್ಮ. ಆ ಸಮುದ್ರದ ಅಡಿಯಾಗೆ ಏನು ಮುಚ್ಚಿದೀರಿ ಅಂತ ಹುಡುಗ ಅವತ್ತೇ ಫೋನ್ ಮಾಡಿ ಕೇಳಿದ. ಹೇಳ್ದೆ."

"ಏನಂದ?"

"ನಕ್ಕ. ಅವ್ರು ನಮಗೆ ಕಳಿಸಿದ್ದ ಮನೆ ಫೋಟೊದಾಗೆ ಮಗ್ಗುಲಿಗೇ ಹಿಮದ ಬೆಟ್ಟ ಐತಲ್ಲ, ಅದನ್ನೂ ರಂಗೇಶನೇ ಹಾಕಿದ್ದಂತೆ."